ಪಾಲಾಕ್ಷ ನೆರಳು ಎತ್ತಿದ್ದು

ಹತ್ತಿರ ಕೂತುಕೊಳ್ಳಿ, ಇದು ಹಾಲಮ್ಮನ ಮಗ ಪಾಲಾಕ್ಷನ ಕತೆ. ಹೆಸರಿಗೆ ಹಣೆಗಣ್ಣಿನವನು. ಇದ್ದ ಎರಡು ಕಣ್ಣೇ ಅವನ ಉಪಯೋಗಕ್ಕೆ ಬರುತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನ ಎದುರಿನ ಫೋಟೋ ಸ್ಟುಡಿಯೋ ಅವನ ಅಪ್ಪ ಬಕ್ಕಪ್ಪನದು. ಬಕ್ಕಪ್ಪ ತೀರಿಕೊಂಡ ಮೇಲೆ ಕಂಪ್ಯೂಟರಿನ ಮುಂದೆ ಪಾಲಾಕ್ಷ ಕೂತ. ಗಂಡನ ಪಕ್ಕ ಕೂತು ಕೂತು ಹಾಲಮ್ಮನಿಗೂ ಕೆಲಸವೆಲ್ಲ ಗೊತ್ತು. ಆದರೆ ಕಣ್ಣಿಗೆ ಪೊರೆ ಬಂದು ಕಂಪ್ಯೂಟರಿನ ಬೆಳಕು ಚುಚ್ಚುತ್ತಿತ್ತು. ಅವಳು ಬಾಯಲ್ಲಿ ಹೇಳಬೇಕು, ಇವನು ಕೈಯಲ್ಲಿ ಮಾಡಬೇಕು.

ಊರವರ ಫೋಟೋವನ್ನೆಲ್ಲ ತೆಗೆದ ಬಕ್ಕಪ್ಪನ ಫೋಟೋ ಒಂದೇ ಒಂದಿತ್ತು. ಅಂಗಡಿ ಬಾಗಿಲ ನೆರಳಿನಲ್ಲಿ ನಗುತ್ತಾ ನಿಂತಾಗ ಯಾರೋ ಮೊಬೈಲಿನಲ್ಲಿ ಹಿಡಿದದ್ದು. ಮುಖವೆಲ್ಲ ಕತ್ತಲು. ಅವನು ತೀರಿಕೊಂಡು ವರ್ಷ ತುಂಬುವ ಪೂಜೆಗೆ ಅದನ್ನು ದೊಡ್ಡದು ಮಾಡಿಸಿ ಆ ನಗುವನ್ನು ನೋಡಬೇಕು ಎಂಬುದೊಂದೇ ಹಾಲಮ್ಮನ ಆಸೆ. ಅಷ್ಟರೊಳಗೆ ಮಗ ಕಲಿಯಲಿ ಎಂದು ಕಾದಳು.

ಮೊದಲು ಬಂದವನು ಒಬ್ಬ ಮದುಮಗ. ಕರಿ ಕೋಟು, ಹಿಂದೆ ಕರಿ ಪರದೆ. ಪಾಲಾಕ್ಷ ಕಂಪ್ಯೂಟರಿನಲ್ಲಿ ಕಂಡದ್ದನ್ನು ಹಾಗೇ ಪ್ರಿಂಟಿಗೆ ಕೊಟ್ಟ. ಕಾಗದದ ಮೇಲೆ ಕೋಟೂ ಪರದೆಯೂ ಒಂದೇ ಕಪ್ಪಾಗಿ ಕಲೆತು, ತಲೆಯೊಂದೇ ತೇಲುತ್ತಿತ್ತು.

"ನನ್ನ ಮೈ ಎಲ್ಲಪ್ಪಾ?" ಅಂದ ಮದುಮಗ.

"ಕೋಟಿನೊಳಗೈತಣ್ಣಾ!"

ಹಾಲಮ್ಮ ಹಣೆ ಬಡಿದುಕೊಂಡಳು. "ಅಯ್ಯೋ ನನ್ನ ಪಾಲಾಕ್ಷಾ! ಕಂಪ್ಯೂಟರು ದೀಪ ಇದ್ದಂಗೆ, ತಾನೇ ಉರಿಯುತ್ತೆ. ಅದರಲ್ಲಿ ಕೋಟಿನ ಗುಂಡಿ, ಮಡಿಕೆ ಎಲ್ಲ ಕಾಣ್ತವೆ. ಕಾಗದ ಉರಿಯಲ್ಲ ಕಣೋ!"

"ಉರಿಯುತ್ತಲ್ಲವ್ವಾ, ಕಡ್ಡಿ ಗೀರಿದ್ರೆ."

"ಬಾಯಿ ಮುಚ್ಚು! ಪ್ರಿಂಟಿಗೆ ಮುಂಚೆ ನೆರಳನ್ನ ಮೇಲಕ್ಕೆ ಎತ್ತಬೇಕು. ತಿಳೀತಾ?"

"ಆತವ್ವಾ, ಎತ್ತುತೀನಿ!"

ಆಮೇಲೆ ಬಂದವನು ಕರಿಬಸಪ್ಪ. ಅವನ ಎಮ್ಮೆ ಜಾನುವಾರು ಪ್ರದರ್ಶನದಲ್ಲಿ ಬಹುಮಾನ ಗೆದ್ದಿತ್ತು. ಅದರ ಫೋಟೋ ಬೇಕು. ಪಾಲಾಕ್ಷ ಎಮ್ಮೆಯ ಕಾಲ ಕೆಳಗೆ ಬಿದ್ದಿದ್ದ ನೆರಳನ್ನು ಕತ್ತರಿಸಿದ, ಎತ್ತಿದ, ಕೊಂಬಿನ ಮೇಲೆ ಅಂಟಿಸಿದ.

"ಲೇ! ನನ್ನ ಎಮ್ಮೆ ತಲೆ ಮೇಲೆ ಇನ್ನೊಂದು ಎಮ್ಮೆ ಹಾರ್ತೈತಲ್ಲೋ!"

"ನೆರಳು ಕಣಣ್ಣಾ. ಬೀಳಲ್ಲ, ಗಟ್ಟಿಯಾಗಿ ಅಂಟಿಸೀನಿ."

"ಎತ್ತು ಅಂದ್ರೆ ಕಿತ್ತು ಎತ್ತೋದಲ್ಲವೋ ಪೆದ್ದಾ!" ಅಂದಳು ಹಾಲಮ್ಮ. "ಕಪ್ಪಿರೋದನ್ನ ತಿಳಿ ಮಾಡು ಅಂತ. ತಿಳಿ ಮಾಡು!"

"ಆತವ್ವಾ, ತಿಳಿ ಮಾಡ್ತೀನಿ!"

ಆಮೇಲೆ ಬಂದವಳು ಗೌರಕ್ಕ. ಗಂಡಿನ ಕಡೆಯವರಿಗೆ ತೋರಿಸಲು ಮಗಳ ಫೋಟೋ ಬೇಕು. ಹುಡುಗಿಗೆ ಮೊಣಕಾಲುದ್ದ ಕರಿ ಜಡೆ. ಪಾಲಾಕ್ಷ ತಿಳಿ ಮಾಡಿದ. ಇನ್ನಷ್ಟು ತಿಳಿ ಮಾಡಿದ. ಜಡೆಯೆಲ್ಲ ಬೂದಿಬಣ್ಣ.

"ಏನೋ ಮೂಳಾ, ಮದುವೆಗೆ ಮುಂಚೆನೇ ನನ್ನ ಮಗಳ ತಲೆ ನರೆಸಿಬಿಟ್ಟೆಯಲ್ಲೋ!"

"ತಿಳಿ ಮಾಡೀನಿ ಅಕ್ಕಾ!"

"ಅಯ್ಯೋ ಅಯ್ಯೋ," ಅಂದಳು ಹಾಲಮ್ಮ. "ಎಷ್ಟು ತಿಳಿ ಮಾಡಿದ್ರೂ ಎಲ್ಲಾದ್ರೂ ಒಂದು ಕಡೆ ಅಚ್ಚ ಕಪ್ಪು ಉಳೀಬೇಕು. ಅದನ್ನ ಬ್ಲ್ಯಾಕ್ ಪಾಯಿಂಟ್ ಅಂತಾರೆ. ನಿಮ್ಮಪ್ಪ ಕಪ್ಪು ಬೊಟ್ಟು ಅಂತಿದ್ರು. ಕಪ್ಪು ಬೊಟ್ಟು ಇಡದಿದ್ರೆ ಫೋಟೋವೆಲ್ಲ ಬೂದಿ!"

"ಆತವ್ವಾ, ಬೊಟ್ಟು ಇಡ್ತೀನಿ!"

ಆಮೇಲೆ ಬಂದವರು ಪೊಲೀಸ್ ದಫೇದಾರ್ ರುದ್ರಗೌಡರು. ಗಿರಿಜಾ ಮೀಸೆ, ಪೂರಾ ಯೂನಿಫಾರಂ. ಫೋಟೋ ಕೈಗೆ ಬಂದಾಗ ಅವರ ಎಡಗೆನ್ನೆಯ ಮೇಲೆ ದುಂಡಗೆ ಒಂದು ಕಪ್ಪು ಬೊಟ್ಟು.

"ನಾನೇನು ತೊಟ್ಟಿಲ ಕೂಸೇನೋ!"

"ಅಂಗಾಲಿಗೂ ಇಡ್ತಿದ್ದೆ ಸಾರ್, ಬೂಟು ಅಡ್ಡ ಬಂತು."

ದಫೇದಾರರು ಲಾಠಿ ಹುಡುಕುವಷ್ಟರಲ್ಲಿ ಹಾಲಮ್ಮ ಮಗನನ್ನು ಒಳಗೆ ಎಳೆದುಕೊಂಡಳು. "ಇನ್ನು ಮುಂದೆ ಯಾರ ಮುಖಕ್ಕಾದ್ರೂ ಕೈ ಹಚ್ಚಿದೀಯೋ, ನೋಡು! ಹಿಂದಿರೋ ಕತ್ತಲು ನೋಡಿ ಸರಿ ಮಾಡು!"

"ಆತವ್ವಾ, ಮುಖ ಮುಟ್ಟಲ್ಲ!"

ವರ್ಷದ ಪೂಜೆಯ ದಿನ ಬಂತು. ದೊಡ್ಡ ಕಾಗದ ಉಳಿದದ್ದು ಒಂದೇ. ಪಾಲಾಕ್ಷ ಅಪ್ಪನ ಫೋಟೋ ಅದರ ಮೇಲೆ ಪ್ರಿಂಟ್ ಮಾಡಿ, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿದ. ಪೂಜೆ ಮಾಡಿಸುವ ಅಯ್ಯನವರು ಬಂದರು, ನೆಂಟರು ಬಂದರು. ಹಾಲಮ್ಮ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಹಿಂದೆ ಅಂಗಡಿಯೊಳಗಿನ ಸ್ಟೂಲು ಕಂಡಿತು, ಛತ್ರಿ ಕಂಡಿತು, ಕ್ಯಾಲೆಂಡರಿನ ತಾರೀಕು ಕೂಡ ಕಂಡಿತು. ಮುಂದೆ ನಿಂತ ಬಕ್ಕಪ್ಪನ ಮುಖ ಮಾತ್ರ ಕಪ್ಪು.

"ನಿಮ್ಮಪ್ಪ ಎಲ್ಲೋ?"

"ಅಲ್ಲೇ ಇದಾರವ್ವಾ. ನಾನು ಮುಟ್ಟಿಲ್ಲ."

ಹಾಲಮ್ಮ ಅಲ್ಲೇ ಕೂತುಬಿಟ್ಟಳು. "ಆ ಮುಖದ ಮೇಲೆ ಒಂಚೂರು ಬೆಳಕು ಬಿದ್ದಿದ್ರೆ ಸಾಕಿತ್ತು ಕಣೋ," ಅಂದಳು.

ಪಾಲಾಕ್ಷ ಓಡಿದ. ಮದುವೆ ಮನೆಗಳಲ್ಲಿ ಹಿಡಿಯುವ ದೊಡ್ಡ ಲೈಟನ್ನು ಹೊತ್ತು ತಂದು, ಮಣೆ ಹತ್ತಿ, ಫೋಟೋದ ಮುಖಕ್ಕೆ ಹಿಡಿದ.

"ಏನಪ್ಪಾ ಇದು, ಪೂಜೆನೋ ಮದುವೆನೋ!" ಅಂದರು ಅಯ್ಯನವರು ಕಣ್ಣು ಮುಚ್ಚಿಕೊಂಡು. ನೆಂಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಹಾಲಮ್ಮ ಗದರಲು ಎದ್ದವಳು ಹಾಗೇ ನಿಂತಳು. ಆ ಕಪ್ಪಿನೊಳಗೆ ಮೊದಲು ಮೀಸೆ ಮೂಡಿತು. ಆಮೇಲೆ ಕೆನ್ನೆ. ಆಮೇಲೆ ಹಲ್ಲು. ಬಕ್ಕಪ್ಪ ನಗುತ್ತಿದ್ದ.

"ಅಲ್ಲಾಡಬೇಡ," ಅಂದಳು ಮಗನಿಗೆ. "ಒಂಚೂರೂ ಅಲ್ಲಾಡಬೇಡ."

"ಆತವ್ವಾ!"

ಪೂಜೆ ಮುಗಿಯಿತು. ಜನ ಉಂಡರು, ಹೋದರು. ಪಾಲಾಕ್ಷ ಮಣೆಯ ಮೇಲೇ ಇದ್ದ. ಹಾಲಮ್ಮ ಹೋಳಿಗೆ ಮುರಿದು ಒಂದು ತುತ್ತನ್ನು ಅವನ ಬಾಯಿಗಿಟ್ಟು ಮತ್ತೆ ಫೋಟೋ ನೋಡುತ್ತಾ ಕೂತಳು. ಎಷ್ಟೋ ಹೊತ್ತಿನ ಮೇಲೆ ತಿರುಗಿ ನೋಡುತ್ತಾಳೆ, ಮಗನ ಕೆನ್ನೆ ಉಬ್ಬಿದ್ದದ್ದು ಹಾಗೇ ಇದೆ! ಅಲ್ಲಾಡಬೇಡ ಅಂದಿದ್ದಳಲ್ಲ, ದವಡೆಯನ್ನೂ ಅಲ್ಲಾಡಿಸದೆ, ಹೋಳಿಗೆಯನ್ನು ಬಾಯಲ್ಲಿಟ್ಟುಕೊಂಡೇ ಪಾಲಾಕ್ಷ ಲೈಟು ಹಿಡಿದು ನಿಂತಿದ್ದ.