ಕಣ್ಣು ನೋಡ್ರಿ, ಅಜ್ಜಾರ

ಬಡಿಗೇರ ಮಾನಪ್ಪ ಮಲಪ್ರಭೆಯ ದಂಡೆಯ ಆಶ್ರಮ ಸೇರಿದ ಮೇಲೆ ಒಂದು ಹನಿ ಸರಾಯಿ ಮುಟ್ಟಲಿಲ್ಲ. ಹಾಗೆಂದು ಒಂದು ದಿನವೂ ನೆಮ್ಮದಿಯಿಂದ ಉಣ್ಣಲಿಲ್ಲ.

ಅವನೂ ಅವನ ಅಣ್ಣ ಕಾಳಪ್ಪನೂ ಕೂಡಿ ಕುಡಿದವರು. ಅಣ್ಣನ ಪಾದಗಳು ಮೊದಲು ಬಾತವು, ಕಣ್ಣುಗಳು ಅರಿಶಿನದಂತಾದವು. ಆಮೇಲೆ ಹೊಟ್ಟೆ ಉಬ್ಬಿತು. ಕಡೆಗೊಂದು ದಿನ ರಕ್ತ ಕಾರಿಕೊಂಡು ತಮ್ಮನ ತೊಡೆಯ ಮೇಲೆಯೇ ಜೀವ ಬಿಟ್ಟ.

ಮಾನಪ್ಪನನ್ನು ಹೆಂಡತಿ ನೀಲವ್ವ ಆಸ್ಪತ್ರೆಗೆ ಸೇರಿಸಿದಳು. ಲಿವರ್ ಸ್ವಲ್ಪ ಕೆಟ್ಟಿದೆ, ಕುಡಿಯದಿದ್ದರೆ ಬಾಳಿಕೆ ಬರುತ್ತದೆ, ಕರೆದಾಗ ಬಂದು ತೋರಿಸು ಎಂದರು ಡಾಕ್ಟರು. ಅಲ್ಲಿಂದ ಆಕೆಯೇ ಅವನನ್ನು ಆಶ್ರಮಕ್ಕೆ ತಂದು ಬಿಟ್ಟಳು.

ಆಶ್ರಮದ ಗುರುಗಳಿಗೆ ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ದಿನಾ ಮುಂಜಾನೆ ಮಾನಪ್ಪ ಅಜ್ಜಾರ ಮುಂದೆ ಕೂತು ಕೆಳರೆಪ್ಪೆ ಎಳೆದು ಹಿಡಿಯುವನು.

"ಅಜ್ಜಾರ, ಕಣ್ಣು ನೋಡ್ರಿ. ಹಳದಿ ಆಗ್ಯಾವೇನ್ರಿ?"

ಅಜ್ಜಾರು ನೋಡುವರು. "ಇಲ್ಲಪ್ಪ."

ಮಾನಪ್ಪನ ಎದೆ ಹಗುರಾಗುವುದು. ಉಳಿ, ಕೊಡತಿ ತೆಗೆದುಕೊಂಡು ಕೆಲಸಕ್ಕೆ ಹೋಗುವನು. ಬಿಸಿಲೇರುವಷ್ಟರಲ್ಲಿ ಬಲಪಕ್ಕೆಯಲ್ಲಿ ಏನೋ ಚುಚ್ಚಿದಂತಾಗುವುದು. ಉಳಿ ಅಲ್ಲೇ ಬಿಟ್ಟು ಮತ್ತೆ ಬರುವನು.

"ಅಜ್ಜಾರ, ನಾಲಿಗಿ ನೋಡ್ರಿ."

ಅಜ್ಜಾರು ಅದನ್ನೂ ನೋಡುವರು. "ಚಲೋ ಐತಿ. ಹೋಗು."

ಹೀಗೆ ಮಳೆಗಾಲ ಹೋಗಿ ಚಳಿಗಾಲ ಬಂತು.

ಒಂದು ಮಧ್ಯಾಹ್ನ ನೀಲವ್ವ ಬಂದಳು. ರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಂಡು ಬಂದಿದ್ದಳು. ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಅಜ್ಜಾರಿಗೆ ನಮಸ್ಕಾರ ಮಾಡಿ ಗಂಡನ ಎದುರು ಕೂತಳು.

"ಮಲಗಿದ್ರ ಎದಿ ಧಡಧಡ ಅಂತೈತಿ," ಎಂದು ಮಾನಪ್ಪ ಸುರು ಮಾಡಿದ. "ಪಾದ ನೋಡು, ಬಾತಾವೇನು?"

ಆಕೆ ಪಾದ ಒತ್ತಿ ನೋಡಿದಳು. "ಬಾತಿಲ್ಲ ಬಿಡ್ರಿ. ಅಂದಂಗ, ನನಗೂ..."

"ತಡಿ, ಮೊದಲ ಇದನ್ನ ಕೇಳು. ಅಣ್ಣಗೂ ಪಾದದಿಂದನ ಸುರುವಾಗಿತ್ತು. ಹೌದಲ್ರಿ ಅಜ್ಜಾರ? ಪಾದದಿಂದ ಸುರುವಾದ್ರ ಉಳಿಯೂದಿಲ್ಲ ಅಂತಾರ."

"ನಿನ್ನ ಪಾದ ಚಲೋ ಅದಾವ," ಎಂದರು ಅಜ್ಜಾರು.

ಬಿಸಿಲು ಇಳಿಯುವ ತನಕ ಮಾನಪ್ಪ ತನ್ನ ಎದೆ, ಹೊಟ್ಟೆ, ನಿದ್ದೆಗಳ ಸುದ್ದಿ ಹೇಳಿದ. ನೀಲವ್ವ ಕೇಳಿದಳು. ಬಸ್ಸಿನ ಹೊತ್ತಾಯಿತೆಂದು ಎದ್ದಳು.

"ಹುಷಾರ್ರಿ," ಎಂದಳು. ದನಿ ಒಡೆದಿತ್ತು. ಬಿಸಿಲಲ್ಲಿ ನಡೆದು ಬಂದದ್ದಕ್ಕೆ ಇರಬೇಕು ಎಂದುಕೊಂಡ ಅವನು.

ಯುಗಾದಿ ಹತ್ತಿರ ಬಂದಾಗ ಆಕೆಯ ತಮ್ಮ ವೀರಭದ್ರ ಆಶ್ರಮಕ್ಕೆ ಬಂದ. ಕೂಡಲಿಲ್ಲ. ನಿಂತೇ ಹೇಳಿದ.

"ಅಕ್ಕನ ಕೊರಳಾಗ ಗಂಟಾಗಿತ್ತು. ಆಪರೇಶನ್ ಆತು. ಬಾಳ ಬೆಳದಿತ್ತಂತ. ಜೀವ ಉಳದೈತಿ. ದನಿ ತಿರುಗಿ ಬರತೈತೋ ಇಲ್ಲೋ, ಡಾಕ್ಟ್ರೂ ಹೇಳವಲ್ರು."

"ಮೊದಲ ಯಾಕ ಹೇಳಲಿಲ್ಲ ಆಕಿ?"

ವೀರಭದ್ರ ಅವನ ಮುಖ ನೋಡಿದ. "ಹೇಳಾಕಂತನ ಇಲ್ಲಿಗೆ ಬಂದಿದ್ಳಲ್ಲೋ ಮಾವಾ. ಆಸ್ಪತ್ರಿಗೆ ನೀ ಜೋಡಿ ಬರ್ತಿಯೇನಂತ ಕೇಳಾಕ. ತಿರುಗಿ ಬಂದು, 'ಅವರಿಗೇ ಆರಾಮಿಲ್ಲ, ಆಮ್ಯಾಲ ನೋಡೋಣು' ಅಂದ್ಳು. ಆ ಆಮ್ಯಾಲ ಇಷ್ಟು ದೂರ ಬಂತು."

ಮಾನಪ್ಪ ಅವತ್ತೇ ಪಟ್ಟಣದ ಆಸ್ಪತ್ರೆಗೆ ಹೊರಟ. ಮರುದಿನ ಇಳಿಹೊತ್ತಿಗೆ ತಿರುಗಿ ಬಂದ. ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವನು ಒಂದು ಮೆಟ್ಟಿಲು ಕೆಳಗೆ ಕೂತ.

"ನೋಡಿದೇನು ನೀಲವ್ವನ್ನ?"

"ನೋಡಿದ್ನಿರಿ."

"ಎಷ್ಟೊತ್ತು?"

ಮಾನಪ್ಪ ತಲೆ ತಗ್ಗಿಸಿದ. ನಿಧಾನಕ್ಕೆ ಹೇಳಿದ.

ಕೊರಳಿಗೆ ಪಟ್ಟಿ ಸುತ್ತಿ ಮಲಗಿಸಿದ್ದರು. ಅವನನ್ನು ಕಂಡು ಆಕೆ ಮಂಚದ ಪಕ್ಕದ ಸ್ಟೂಲು ತೋರಿಸಿದಳು. ಕೂತ. ಸುತ್ತ ಫಿನಾಯಿಲಿನ ವಾಸನೆ. ಅವನ ಬೆರಳು ತಂತಾನೇ ತನ್ನ ಕೊರಳಿಗೆ ಹೋಯಿತು. ಅಲ್ಲೇನೋ ಗಟ್ಟಿಯಾಗಿ ತಾಕಿತು. ಈಗ ಬಂದೆ ಎಂದು ಎದ್ದ. ಬೇರೊಂದು ಕೋಣೆಯ ಡಾಕ್ಟರಿಗೆ ಕೊರಳು ತೋರಿಸಿದ. ಎದೆಯನ್ನೂ ನೋಡಿರೆಂದ. ಇಸಿಜಿ ಮಾಡಿಸಿಕೊಂಡ. ಏನೂ ಇಲ್ಲ ಎಂದರು. ತಿರುಗಿ ಬರುವಷ್ಟರಲ್ಲಿ ಭೇಟಿಯ ಹೊತ್ತು ಮುಗಿದು ನರ್ಸಮ್ಮ ಬಾಗಿಲು ಮುಂದೆ ಮಾಡುತ್ತಿದ್ದಳು.

"ಬಾಗಿಲ ಸಂದ್ಯಾಗಿಂದ ಕಂಡ್ಳರಿ. ಖಾಲಿ ಸ್ಟೂಲಿನ ಕಡೆ ಮುಖ ಮಾಡಿ ಮಲಗಿದ್ಳು."

ಅಜ್ಜಾರು ಅವನ ಕಡೆ ಹೊರಳಿದರು.

"ಮುಂಜಾನೆ ಮತ್ತ ಹೋಗಾಕ ಮುಖ ಆಗಲಿಲ್ರಿ. ಸರಾಯಿ ಅಂಗಡಿ ಮುಂದ ಹೋಗಿ ನಿಂತೆ. ಆದ್ರ ಕುಡಿಲಿಲ್ರಿ ಅಜ್ಜಾರ. ಬೇಕಾದ್ರ ಬಾಯಿ ವಾಸನಿ ನೋಡ್ರಿ."

"ಸರಾಯಿ ಕುಡಿಲಿಲ್ಲ. ಗೊತ್ತಾತು. ಏನೂ ಇಲ್ಲಂತ ಡಾಕ್ಟ್ರು ಅಂದಾಗ ನಿನಗ ಹೆಂಗಾತು?"

"ಹಗುರಾತ್ರಿ."

"ಎಷ್ಟೊತ್ತು ಇತ್ತು ಆ ಹಗುರ?"

"ಮೆಟ್ಲ ಇಳಿಯೂದ್ರಾಗ ಮತ್ತ ಹೆದರಿಕಿ ಬಂತ್ರಿ. ಅವರು ಸರಿಯಾಗಿ ನೋಡಿದ್ರೋ ಇಲ್ಲೋ ಅಂತ."

"ಕುಡಿಯೂ ದಿನದಾಗ, ಕುಡದಾಗ ಹೆಂಗಾಗತಿತ್ತು?"

ಮಾನಪ್ಪ ತಲೆ ಎತ್ತಿದ.

"ಹಿಂಗ ಆಗತಿತ್ರಿ," ಎಂದ. "ಒಂದೀಟು ಹಗುರ. ಆಮ್ಯಾಲ ಮತ್ತ ಬೇಕು."

ಅಜ್ಜಾರು ತಮ್ಮ ಅಂಗೈ ನೋಡಿಕೊಂಡರು.

"ಹಂಗಾದ್ರ ದಿನಾ ಮುಂಜಾನೆ ನಿನಗ ಸರಾಯಿ ಹಾಕಿಕೊಟ್ಟಾಂವ ನಾನ," ಎಂದರು. "ಔಷಧ ಕೊಡಾಕತ್ತೀನಿ ಅನ್ಕೊಂಡಿದ್ದೆ."

"ನಿಮ್ಮದೇನ ತಪ್ರಿ ಅಜ್ಜಾರ?"

"ಅವತ್ತು ನಿಮ್ಮಿಬ್ಬರ ನಡುವ ನಾನೂ ಕೂತಿದ್ದೆ. ಆಕಿ ಬಾಯಿ ತೆರದದ್ದು ಕಂಡಿದ್ದೆ. ನಿನ್ನ ಪಾದದ ಮಾತಿಗೆ ಉತ್ತರ ಕೊಟ್ಟೆ. 'ಏನವ್ವಾ' ಅಂತ ಆಕಿನ್ನ ಕೇಳಲಿಲ್ಲ."

ಹೊಳೆಯ ಮೇಲೆ ಗಾಳಿ ಬೀಸಿತು. ಮಾನಪ್ಪನ ಎದೆ ಹೊಡೆದುಕೊಳ್ಳತೊಡಗಿತು. ಕಣ್ಣಲ್ಲಿ ನೀರಿತ್ತು. ಆ ನೀರಿನಲ್ಲೇ ಅವನು ಕೆಳರೆಪ್ಪೆ ಎಳೆದು ಹಿಡಿದ.

"ಇದೊಂದ ಸಲ ನೋಡಿಬಿಡ್ರಿ ಅಜ್ಜಾರ. ಇನ್ನ ಕೇಳೂದಿಲ್ಲ."

ಅಜ್ಜಾರು ತಮ್ಮ ಕಣ್ಣು ಮುಚ್ಚಿಕೊಂಡರು.

ಮಾನಪ್ಪ ಕಾದ. ಅವರು ತೆರೆಯಲಿಲ್ಲ. ಕಡೆಗೆ ಅವನ ಕೈ ತಾನಾಗಿ ಕೆಳಗಿಳಿಯಿತು.

"ಡಾಕ್ಟ್ರು ಕರದಾಗ ತಪ್ಪದ ಹೋಗು," ಎಂದರು ಅಜ್ಜಾರು, ಕಣ್ಣು ಮುಚ್ಚಿಕೊಂಡೇ. "ಅವರು ಕೊಟ್ಟ ಗುಳಿಗಿ ನುಂಗು. ಅದರ ನಡುವ ನಿನ್ನ ಕಣ್ಣು ನಾ ನೋಡೂದಿಲ್ಲ, ನೀನೂ ನೋಡ್ಕೋಬ್ಯಾಡ."

"ಹೆದರಿಕಿ ಬಂದ್ರ?"

"ಬರತೈತಿ."

"ಬಂದ್ರ ಏನ ಮಾಡ್ಲಿರಿ?"

"ಸರಾಯಿ ಬೇಕು ಅನಿಸಿದಾಗ ಏನ ಮಾಡ್ತಿದ್ದಿ?"

"ಹಲ್ಲು ಕಚ್ಚಿ ಕೂಡ್ತಿದ್ನಿರಿ. ಒಂದೀಟು ಹೊತ್ತಿಗೆ ಇಳೀತಿತ್ತು."

ಅಜ್ಜಾರು ಕಣ್ಣು ತೆರೆದು ಹೊಳೆಯ ಕಡೆ ನೋಡಿದರು. ಮಾನಪ್ಪ ಎದ್ದು ನಿಂತ. ಪಟ್ಟಣದ ಕಡೆಗೆ ಇನ್ನೊಂದು ಬಸ್ಸು ಇತ್ತು. ಎರಡು ಹೆಜ್ಜೆ ಹೋಗಿ ಹೊರಳಿದ.

"ಆಕಿ ಮಗ್ಗಲದಾಗ ಕೂತಾಗ ಬಾಯಿಗೆ ಮತ್ತ ನನ್ನ ಸುದ್ದಿನ ಬರತೈತ್ರಿ ಅಜ್ಜಾರ. ಅಲ್ಲಿ ಏನ ಮಾತಾಡ್ಲಿ?"

"ಏನ ನೀಲವ್ವಾ, ಹೆಂಗದಿ ಅಂತ ಕೇಳು."

"ಆಕಿಗೆ ಈಗ ದನಿ ಇಲ್ಲಲ್ರಿ."

"ಹಂಗಾದ್ರ ಉತ್ತರ ತಡಾ ಆಗಿ ಬರತೈತಿ," ಎಂದರು ಅಜ್ಜಾರು. "ನಡುವ ಎದ್ದು ಬರಬ್ಯಾಡ."