ಜಲಜನಕ ಬರುವ ನಾಲ್ಕು ನಿಮಿಷ

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಆಶ್ರಮದಲ್ಲೊಂದು ಸಣ್ಣ ಕಣ್ಣಾಸ್ಪತ್ರೆ. ಅದಕ್ಕೆ ಬೇಕಾದ ಕರೆಂಟು ಅಲ್ಲಿಯೇ ಹುಟ್ಟುತ್ತಿತ್ತು. ಸಗಣಿ ಗ್ಯಾಸನ್ನು ಹಬೆಯೊಂದಿಗೆ ಕಾಯಿಸಿ ಜಲಜನಕ ತೆಗೆಯುವ ಯಂತ್ರ ಒಂದು. ಆ ಜಲಜನಕ ಉಂಡು ಕರೆಂಟು ಕೊಡುವ ಪೆಟ್ಟಿಗೆ ಇನ್ನೊಂದು.

ಎರಡನ್ನೂ ಕಟ್ಟಿದವರು ಗುರು ಮುರಿಗೆಯ್ಯನವರು. ನಡೆಸುತ್ತಿದ್ದವಳು ಶಿಷ್ಯೆ ದಾಕ್ಷಾಯಣಿ. ಇಂಜಿನಿಯರಿಂಗ್ ಓದಿ ಬಂದವಳು, ಬಲು ಚುರುಕು.

ಅಂದು ಹನ್ನೆರಡು ಮಂದಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಬೆಳಿಗ್ಗೆ ನರ್ಸ್ ಗಂಗವ್ವ ಕತ್ತರಿ, ಚಿಮಟಗಳನ್ನು ಕುದಿಸುವ ಪಾತ್ರೆಯ ಸ್ವಿಚ್ ಹಾಕಿದ್ದೇ ತಡ, ಜಲಜನಕದ ಒತ್ತಡ ತೋರಿಸುವ ಮುಳ್ಳು ಕುಸಿಯಿತು.

ದಾಕ್ಷಾಯಣಿ ಗ್ಯಾಸಿನ ವಾಲ್ವ್ ತಿರುವಿದಳು. ಮುಳ್ಳು ಏಳಲಿಲ್ಲ. ಇನ್ನಷ್ಟು ತಿರುವಿದಳು. ಒಮ್ಮೆಲೇ ನುಗ್ಗಿದ ಗ್ಯಾಸಿಗೆ ಯಂತ್ರದ ಒಡಲು ತಣ್ಣಗಾಗಿ, ಜಲಜನಕದ ಜೊತೆ ವಿಷಗಾಳಿಯೂ ಬರತೊಡಗಿತು. ಗಾಬರಿಯಿಂದ ಮುಚ್ಚಿದಳು. ಮತ್ತೆ ತೆರೆದಳು.

ಪೆಟ್ಟಿಗೆ ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಂತುಬಿಟ್ಟಿತು. ಆಸ್ಪತ್ರೆಯ ದೀಪಗಳು ಆರಿದವು.

ಡಾಕ್ಟರು ಹೊರಗೆ ಬಂದರು. "ಕಣ್ಣಾಗ ಕತ್ತರಿ ಇದ್ದಾಗ ಹಿಂಗಾದ್ರ ಏನ್ ಮಾಡ್ಲಿ? ಎಲ್ಲಾರನ್ನೂ ವಾಪಸ್ ಕಳಸ್ತೀನಿ."

"ಮಧ್ಯಾಹ್ನದ ತನಕ ತಡೀರಿ," ಎಂದರು ಗುರುಗಳು.

ದಾಕ್ಷಾಯಣಿಗೆ ಮುಖ ಎತ್ತಲಾಗಲಿಲ್ಲ. "ಅಜ್ಜಾರ, ನನ್ನ ಕೈ ನಿಧಾನ ಆತು. ಇನ್ನೂ ಲಗೂನ ತಿರುವಬೇಕಿತ್ತು."

"ತಿರುವಿದ ಎಷ್ಟು ಹೊತ್ತಿಗೆ ಜಲಜನಕ ಬರ್ತದ?"

"ನಾಕು ನಿಮಿಷಕ್ಕ."

"ಆ ನಾಕು ನಿಮಿಷದಾಗ ಎಷ್ಟು ಸಲ ತಿರುವಿದಿ?"

ಅವಳು ನೆನಪಿಸಿಕೊಂಡು ಎಣಿಸಿದಳು. "ಒಂಬತ್ತು ಸಲ."

"ಹಂಗಾದ್ರ ಮುಳ್ಳು ಯಾವ ತಿರುವಿಗೆ ಉತ್ತರ ಕೊಡ್ತಿತ್ತು?"

ಅವಳು ಮುಳ್ಳಿನ ಕಡೆ ತಿರುಗಿ ನೋಡಿದಳು.

ಗುರುಗಳು ವಾಲ್ವಿನ ಹಿಡಿಕೆಯನ್ನೇ ಬಿಚ್ಚಿ ಅವಳ ಕೈಗಿಟ್ಟರು. "ಯಂತ್ರ ನಾ ಕಾಯಿಸ್ತೀನಿ. ನೀ ಇದನ್ನ ಹಿಡ್ಕೊಂಡು ಗಂಗವ್ವನ ಹತ್ರ ಹೋಗಿ ಕೂಡು."

"ಯಂತ್ರ ಇಲ್ಲಿ ಅದ, ಅಜ್ಜಾರ."

"ಕರೆಂಟಿನ ಹಸಿವು ಅಲ್ಲಿ ಅದ."

ಇದು ಶಿಕ್ಷೆಯೇ ಇರಬೇಕೆಂದುಕೊಂಡು ಅವಳು ಹೋಗಿ ಕೂತಳು. ಮಡಿಲಲ್ಲಿ ಹಿಡಿಕೆ. ಎದುರಿಗೆ ಗಂಗವ್ವ ಕತ್ತರಿಗಳನ್ನು ಮತ್ತೆ ಮೊದಲಿನಿಂದ ತೊಳೆಯುತ್ತಿದ್ದಳು.

"ಇದಾದ ಮ್ಯಾಲೆ ಏನ್ ಮಾಡ್ತೀರಿ, ಅಕ್ಕಾ?"

"ಒರಸ್ತೀನಿ. ತಾಟಿನ್ಯಾಗ ಜೋಡಸ್ತೀನಿ. ಆಮೇಲೆ ಸ್ವಿಚ್. ದಿನಾ ಹಿಂಗ."

"ಒರಸೋದು, ಜೋಡಸೋದು ಎಷ್ಟು ಹೊತ್ತು?"

"ನಾಕೈದು ನಿಮಿಷ ಹಿಡೀತದ. ಯಾಕವಾ?"

ದಾಕ್ಷಾಯಣಿ ಎದ್ದು ನಿಂತಳು. "ಅಕ್ಕಾ, ಒರಸಾಕ ಅರಿವಿ ಕೈಗೆ ತಗೊಂಡ ಕೂಡ್ಲೆ ಕಿಟಕಿಯಿಂದ ನನ್ನ ಕೂಗ್ರಿ!" ಎಂದವಳೇ ಓಡಿದಳು.

ಗುರುಗಳು ಆಗಲೇ ಯಂತ್ರ ಕಾಯಿಸಿ ದೀಪ ಹೊತ್ತಿಸಿದ್ದರು. ಅವಳು ಹಿಡಿಕೆ ಕೂರಿಸಿ ನಿಂತಳು. ಕೂಗು ಬಂತು. ಮೊದಲು ಹಬೆ ಹೆಚ್ಚಿಸಿದಳು, ಆಮೇಲೆ ಗ್ಯಾಸಿನ ವಾಲ್ವಿಗೆ ಒಂದೇ ಒಂದು ಸಣ್ಣ ತಿರುವು ಕೊಟ್ಟಳು. ಕೈ ತೆಗೆದಳು. ಕೈ ತುರಿಸಿತು, ಹಿಂದಕ್ಕೆ ಕಟ್ಟಿಕೊಂಡಳು.

ನಾಲ್ಕು ನಿಮಿಷ ಕಳೆಯಿತು. ಒಳಗೆ ಸ್ವಿಚ್ ಬಿತ್ತು. ಮುಳ್ಳು ತುಸು ನಡುಗಿ ನಿಂತಿತು. ದೀಪಗಳು ಮಿಣುಕಲೂ ಇಲ್ಲ.

ಡಾಕ್ಟರು ಮೂರು ಸಲ ಪರೀಕ್ಷೆ ಮಾಡಿಸಿದರು. ಮೂರು ಸಲವೂ ಹಾಗೆಯೇ ಆಯಿತು. ಸಂಜೆಯೊಳಗೆ ಹನ್ನೆರಡೂ ಆಪರೇಷನ್ ಮುಗಿದವು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮುದುಕರು ಜಗುಲಿಯಲ್ಲಿ ಸಾಲಾಗಿ ಕೂತು ಚಹಾ ಕುಡಿಯುತ್ತಿದ್ದರು.

ದಾಕ್ಷಾಯಣಿ ಎದೆಯುಬ್ಬಿಸಿ ಗುರುಗಳ ಮುಂದೆ ನಿಂತಳು. "ಅಜ್ಜಾರ, ಈ ಯಂತ್ರ ನನಗ ಪೂರಾ ತಿಳೀತು."

ಗುರುಗಳು ತಮ್ಮ ಚಹಾದ ಲೋಟವನ್ನು ಕೆಳಗಿಟ್ಟರು.

"ನಾಳೆಯಿಂದ ಗಂಗವ್ವ ರಜಾ. ಹೊಸ ನರ್ಸ್ ಬಂದಾಳ. ಹೋಗಿ ಮಾತಾಡ್ಸು."