ಗುವಕಾನ್ ದಂಡೆಗೆ ಆ ಹೆಸರು ಬಂದದ್ದು

ಅಲಾಸ್ಕದ ಆಗ್ನೇಯ ಮೂಲೆಯ ದ್ವೀಪಗಳ ಸಾಲಿನಲ್ಲಿ ಲಾರ್ಕಿನ್ ಹಾರ್ಬರ್ ಎಂಬ ಮೀನುಗಾರರ ಊರೊಂದಿದೆ. ನಾನೂರು ಚಿಲ್ಲರೆ ಜನ, ಒಂದು ಶಾಲೆ, ಒಂದು ಮಂಜುಗಡ್ಡೆ ಕಾರ್ಖಾನೆ, ಹಿಂದೆ ಸಾಲ್ಮನ್ ಮೀನನ್ನು ಡಬ್ಬಿಗೆ ತುಂಬುತ್ತಿದ್ದು ಈಗ ಬಾಗಿಲು ಹಾಕಿರುವ ಒಂದು ದೊಡ್ಡ ತಗಡಿನ ಶೆಡ್ಡು. ಊರಿನ ಒಂದೇ ರಸ್ತೆ ಎರಡೂ ತುದಿಯಲ್ಲಿ ಕಾಡಿಗೆ ಮುಟ್ಟಿ ನಿಂತುಬಿಡುತ್ತದೆ. ಹೊರಗಿನವರು ನೀರಿನ ಮೇಲಿಳಿಯುವ ಪುಟ್ಟ ವಿಮಾನದಲ್ಲಿ ಬರಬೇಕು, ಇಲ್ಲವೇ ದೋಣಿಯಲ್ಲಿ. ಊರಿನ ಉತ್ತರಕ್ಕೆ ಕಡಲೊಳಗೆ ಚಾಚಿಕೊಂಡ ಕಪ್ಪು ಕಲ್ಲಿನ ದಂಡೆಯೊಂದಿದೆ. ಸರಕಾರದ ನಕಾಶೆಯಲ್ಲಿ ಅದರ ಹೆಸರು ಜಿಂಕೆ ಮೂಲೆ. ಅದನ್ನು ಓದಿದ ಪ್ರವಾಸಿಗಳು ಕ್ಯಾಮೆರಾ ಹಿಡಿದು ಅಲ್ಲಿ ಕಾದು ಕುಳಿತು, ಕಾಲು ಜೋಮು ಹಿಡಿದು ಹಿಂತಿರುಗುತ್ತಾರೆ. ಹುಲ್ಲಿನ ಎಸಳೂ ಇಲ್ಲದ ಆ ಕಲ್ಲಿಗೆ ಜಿಂಕೆ ಏಕೆ ಬಂದೀತು? ಊರಿನ ಮೂಲ ಜನರಾದ ಟ್ಲಿಂಗಿಟರು ಅದನ್ನು ಗುವಕಾನ್ ದಂಡೆ ಎನ್ನುತ್ತಾರೆ. ಅವರ ಮಾತಿನಲ್ಲಿ ಗುವಕಾನ್ ಎಂದರೆ ಜಿಂಕೆ ಹೌದು. ಇನ್ನೊಂದು ಅರ್ಥವೂ ಅದಕ್ಕಿದೆ. ನಕಾಶೆ ಬರೆದವರು ಅದನ್ನು ಕೇಳುವ ಗೋಜಿಗೆ ಹೋಗಲಿಲ್ಲ.

ನನಗೆ ಈ ಐತಿಹ್ಯವನ್ನು ಹೇಳಿದವರು ವರ್ನಾ ಜಾರ್ಜ್ ಎಂಬ ಎಪ್ಪತ್ತಾರರ ಅಜ್ಜಿ. ಮಲ್ಪೆಯಲ್ಲಿ ಮೂವತ್ತು ವರ್ಷ ಮೀನುಗಾರಿಕೆ ಇಲಾಖೆಯಲ್ಲಿ ದುಡಿದ ನಾನು, ಅಲ್ಲಿಯವರು ಮೀನನ್ನು ಹೊಗೆಯಲ್ಲಿ ಒಣಗಿಸುವ ಬಗೆಯನ್ನು ನೋಡಲೆಂದು ಹೋಗಿದ್ದೆ. "ಒಂದೊಂದು ಕತೆಯೂ ಒಂದೊಂದು ಮನೆತನದ್ದು. ಇದು ನಮ್ಮ ಮನೆಯದು, ಹೇಳುವ ಹಕ್ಕು ನನಗಿದೆ," ಎಂದು ಅವರು ಮೊದಲೇ ಸ್ಪಷ್ಟಪಡಿಸಿದರು. ಆಮೇಲೆ ತಮ್ಮವರ ಕಟ್ಟಳೆಯನ್ನು ವಿವರಿಸಿದರು. ಟ್ಲಿಂಗಿಟರಲ್ಲಿ ಕಾಗೆಯ ಪಂಗಡ, ಹದ್ದಿನ ಪಂಗಡ ಎಂದು ಎರಡು. ಕಾಗೆಯವರು ಹದ್ದಿನವರನ್ನೇ ಮದುವೆಯಾಗಬೇಕು. ಹುಟ್ಟಿದ ಮಕ್ಕಳು ತಾಯಿಯ ಪಂಗಡಕ್ಕೆ ಸೇರುತ್ತಾರೆ. ನಾವು ಮೊಗವೀರರು, ನಮ್ಮಲ್ಲಿಯೂ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದಲೇ. ಆದ್ದರಿಂದ ನನಗೆ ಇದು ಹೊಸತೆನಿಸಲಿಲ್ಲ. ಆದರೆ ಈ ಕಟ್ಟಳೆ ಒಂದು ಮನೆಯನ್ನು ಎಲ್ಲಿಗೆ ತಂದು ನಿಲ್ಲಿಸಬಲ್ಲದು ಎಂಬುದನ್ನು ನಾನು ಅಂದಿನವರೆಗೆ ಯೋಚಿಸಿಯೇ ಇರಲಿಲ್ಲ.

ಹಿಂದೆ ಒಮ್ಮೆ, ಬಿಳಿಯರ ಹಡಗುಗಳು ಇತ್ತ ತಲೆಹಾಕುವ ಮೊದಲು, ಈ ಕೊಲ್ಲಿಯ ಎರಡು ದಡಗಳಲ್ಲಿ ಎರಡು ದೊಡ್ಡ ಮನೆಗಳಿದ್ದವು. ದಕ್ಷಿಣದ ಮನೆ ಕಾಗೆಯವರದು, ಉತ್ತರದ್ದು ಹದ್ದಿನವರದು. ಕಾಗೆಯ ಮನೆಯ ಯಜಮಾನನು ಹದ್ದಿನ ಮನೆಯ ಹೆಣ್ಣನ್ನು ತಂದಿದ್ದನು. ಅವರಿಗೆ ಒಬ್ಬನೇ ಮಗ, ಕೀತ್. ಮಗ ಹುಟ್ಟಿದ ಮೇಲೆ ತಂದೆತಾಯಿಗಳನ್ನು ಅವನ ಹೆಸರಿನಿಂದಲೇ ಕರೆಯುವುದು ಆ ಜನರ ರೂಢಿ. ಹೀಗಾಗಿ ಅವರಿಬ್ಬರ ಸ್ವಂತ ಹೆಸರುಗಳು ಇಂದು ಯಾರಿಗೂ ತಿಳಿಯದು; ಅವನು ಕೀತನ ತಂದೆ, ಅವಳು ಕೀತನ ತಾಯಿ, ಅಷ್ಟೇ. ಹುಡುಗನಿಗೆ ಹತ್ತು ತುಂಬಿದಾಗ ಪದ್ಧತಿಯಂತೆ ಅವನನ್ನು ಸೋದರಮಾವನ ಮನೆಗೆ ಕಳಿಸಿದರು. ಮಾವ ಯಾಕ್ವಾನ್ ಹದ್ದಿನ ಮನೆಯ ಯಜಮಾನ. ಅವನು ಅಳಿಯನಿಗೆ ತಣ್ಣೀರಿನಲ್ಲಿ ಮುಳುಗುವುದನ್ನೂ ದೋಣಿ ನಡೆಸುವುದನ್ನೂ ಈಟಿ ಎಸೆಯುವುದನ್ನೂ ಏಳು ವರ್ಷ ಕಲಿಸಿದನು.

ಹದಿನೇಳನೆಯ ವರ್ಷದ ವಸಂತದಲ್ಲಿ ಕೀತನು ಮೊದಲ ಬಾರಿಗೆ ಒಬ್ಬನೇ ಸೀಲ್ ಬೇಟೆಗೆ ಹೊರಟನು. ಸೀಲ್ ಎಂಬುದು ಬಂಡೆಗಳ ಮೇಲೆ ಮಲಗುವ, ನಾಯಿಯಂಥ ಮುಖದ ಕಡಲ ಪ್ರಾಣಿ. ಬೇಟೆಗಾರರು ಸೀಲಿನ ತಲೆಯಂತೆ ಕೆತ್ತಿದ ಮರದ ಟೊಪ್ಪಿಗೆಯನ್ನು ಧರಿಸಿ, ಬಂಡೆಯ ಮೇಲೆ ಬೋರಲು ಮಲಗಿ, ಅದರಂತೆಯೇ ಕೂಗಿ ಅದನ್ನು ಬಳಿಗೆ ಸೆಳೆಯುತ್ತಿದ್ದರು. ಯಾಕ್ವಾನನು ತಾನೇ ಕೆತ್ತಿದ ಹೊಸ ಟೊಪ್ಪಿಗೆಯನ್ನು ಆ ಬೆಳಿಗ್ಗೆ ಅಳಿಯನ ತಲೆಗಿಟ್ಟು ಕಳಿಸಿದ್ದನು. ಸ್ವಲ್ಪ ಹೊತ್ತಿನಲ್ಲಿ ದಟ್ಟ ಮಂಜು ಇಳಿಯಿತು. ಅತ್ತ ದಕ್ಷಿಣದ ದಡದಿಂದ ಕೀತನ ತಂದೆಯೂ ದೋಣಿಯಲ್ಲಿ ಹೊರಟಿದ್ದನು. ಮಂಜಿನೊಳಗೆ ಸೀಲಿನ ಕೂಗು ಕೇಳಿತು. ಬಂಡೆಯ ಮೇಲೆ ಕಪ್ಪಗೆ ಒಂದು ತಲೆ ಎದ್ದು ಕಂಡಿತು. ಅವನು ಈಟಿಯನ್ನೆಸೆದನು. ಅವನ ಗುರಿ ಎಂದೂ ತಪ್ಪಿದ್ದಿಲ್ಲ ಎನ್ನುತ್ತಾರೆ. ಈಟಿಗೆ ಕಟ್ಟಿದ ಹಗ್ಗವನ್ನು ಜಗ್ಗುತ್ತ ಬಂಡೆಯನ್ನು ಮುಟ್ಟಿದಾಗ ಟೊಪ್ಪಿಗೆ ಕಳಚಿ ಬಿತ್ತು.

ಅವನು ತನ್ನ ಮನೆಯತ್ತ ದೋಣಿಯನ್ನು ತಿರುಗಿಸಲಿಲ್ಲ. ಮಗನನ್ನು ಮಲಗಿಸಿಕೊಂಡು ನೇರವಾಗಿ ಹದ್ದಿನವರ ದಂಡೆಗೆ ಹೋದನು. ದಡದಲ್ಲಿದ್ದ ಯಾಕ್ವಾನನ ಎದುರು ನಿಂತು, "ನಿನ್ನ ಅಳಿಯನನ್ನು ತಂದಿದ್ದೇನೆ. ಕೊಂದವನು ನಾನೇ," ಎಂದನು. ಹೆಂಗಸರು ಕೈಯಲ್ಲಿದ್ದ ಬುಟ್ಟಿಗಳನ್ನು ಹಾಗೆಯೇ ಬಿಟ್ಟರು.

ಇಷ್ಟು ಹೇಳಿ ವರ್ನಾ ಅಜ್ಜಿ ನನ್ನತ್ತ ನೋಡಿದರು. "ಮುಂದೆ ಏನಾಗಬೇಕಿತ್ತು, ಹೇಳು."

"ತಂದೆ ಅಲ್ಲವೇ? ಅವನಿಗಿಂತ ದೊಡ್ಡ ದುಃಖ ಯಾರಿಗೆ? ಎಲ್ಲರೂ ಸೇರಿ ಅತ್ತಿರಬೇಕು," ಎಂದೆ.

"ಇಲ್ಲ. ಸತ್ತವನು ಹದ್ದಿನವನು. ಕೊಂದವನು ಕಾಗೆಯವನು. ಹದ್ದಿನ ಒಂದು ಜೀವ ಹೋದರೆ ಕಾಗೆಯವರಲ್ಲಿ ಅದೇ ಅಂತಸ್ತಿನ ಒಂದು ಜೀವ ಹೋಗಬೇಕು. ಅದು ಆಗಿನ ಕಟ್ಟಳೆ."

ನಾನು ಬೆಚ್ಚಿಬಿದ್ದೆ. ಊರಿನಲ್ಲಿರುವ ನನ್ನ ಮಗನ ನೆನಪಾಯಿತು. ಅವನೂ ನನ್ನ ಬಳಿಯವನಲ್ಲ, ಅವನ ತಾಯಿಯ ಬಳಿಯವನು. ಮಗನನ್ನು ಕಳೆದುಕೊಂಡ ತಂದೆಯ ತಲೆಯನ್ನು ಮಗನ ಕಡೆಯವರೇ ಕೇಳುವ ಪ್ರಸಂಗವನ್ನು ನನ್ನ ಮನಸ್ಸು ಒಪ್ಪಿಕೊಳ್ಳಲೇ ಇಲ್ಲ.

ಕೀತನ ತಾಯಿ ಸುದ್ದಿ ಕೇಳಿದ ಕೂಡಲೇ ಗಂಡನ ಮನೆಯಿಂದ ಹೊರಬಿದ್ದು ತಮ್ಮನ ಮನೆ ಸೇರಿದಳು. ಕೂದಲನ್ನು ಕತ್ತರಿಸಿಕೊಂಡಳು, ಮುಖಕ್ಕೆ ಇದ್ದಿಲು ಬಳಿದುಕೊಂಡಳು, ಯಾರೊಡನೆಯೂ ಒಂದು ಮಾತನ್ನೂ ಆಡಲಿಲ್ಲ. ಕಾಗೆಯವರ ಹಿರಿಯರು ಯಜಮಾನನ ಬದಲು ಅದೇ ಅಂತಸ್ತಿನ ಮುದುಕನೊಬ್ಬನನ್ನು ಸಾಯಲು ಕಳಿಸಲು ಮುಂದಾದರು. ಕೀತನ ತಂದೆ ಕೇಳಲಿಲ್ಲ. "ನಾಳೆ ನೀರು ಇಳಿದಾಗ ನಾನೇ ಹೋಗುತ್ತೇನೆ. ಯಾರೂ ತಡೆಯಬೇಡಿ," ಎಂದನು. ಮರುದಿನ ಹಗಲು, ಕಡಲು ಹಿಂದೆ ಸರಿದು ಕಪ್ಪು ಕಲ್ಲುಗಳು ಮೇಲೆದ್ದ ಹೊತ್ತಿಗೆ, ಅವನು ಮೇಕೆಯ ಉಣ್ಣೆಯಿಂದ ನೇಯ್ದ ಮನೆತನದ ಕಂಬಳಿಯನ್ನು ಹೊದ್ದು ಬರಿಗೈಯಲ್ಲಿ ಉತ್ತರದ ಆ ದಂಡೆಗೆ ಬಂದು ನಿಂತನು. ಒಂದು ಪಕ್ಕದಲ್ಲಿ ಕಾಗೆಯವರು, ಇನ್ನೊಂದು ಪಕ್ಕದಲ್ಲಿ ಹದ್ದಿನವರು. ಯಾಕ್ವಾನನು ಈಟಿ ಹಿಡಿದು ಮುಂದೆ ಬಂದನು.

ಆಗ ಗುಂಪಿನಿಂದ ಕೀತನ ತಾಯಿ ಹೊರಗೆ ಬಂದಳು. "ಈಟಿಯನ್ನು ನನಗೆ ಕೊಡು," ಎಂದಳು. ಮಗ ಸತ್ತ ಮೇಲೆ ಅವಳು ಆಡಿದ ಮೊದಲ ಮಾತು ಅದು. ಯಾಕ್ವಾನನು ದಿಗಿಲುಬಿದ್ದು ಕೊಟ್ಟುಬಿಟ್ಟನು. ಅವಳು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ನಡೆದು ಈಟಿಯ ಮೊನೆಯನ್ನು ಗಂಡನ ಎದೆಗೆ ತಾಗಿಸಿ ನಿಂತಳು. "ಹೊಡಿ," ಎಂದನು ಅವನು. ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಬಳಿಕ ಈಟಿಯನ್ನು ಕಲ್ಲಿನ ಮೇಲೆ ಬಿಸುಟು, ಅಂಗೈಯನ್ನು ಅವನ ಎದೆಯ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಕೂಗಿದಳು: "ಗುವಕಾನ್!"

ಯುದ್ಧ ಮುಗಿಸಲು ಒಪ್ಪಿದ ಪಂಗಡಗಳು ಎದುರಾಳಿಗಳ ಕಡೆಯ ಗಣ್ಯನೊಬ್ಬನನ್ನು ತಮ್ಮಲ್ಲಿ ಇರಿಸಿಕೊಳ್ಳುತ್ತಿದ್ದವು. ಅವನನ್ನು ಜಿಂಕೆ ಎನ್ನುತ್ತಿದ್ದರು, ಏಕೆಂದರೆ ಜಿಂಕೆ ಯಾರನ್ನೂ ನೋಯಿಸದ ಪ್ರಾಣಿ. ಆ ಹೆಸರು ಪಡೆದವನ ಮೇಲೆ ಯಾರೂ ಆಯುಧ ಎತ್ತುವಂತಿಲ್ಲ. ಆದರೆ ಹಿರಿಯರು ದಿನಗಟ್ಟಲೆ ಕೂತು ಮಾತಾಡಿ ನಿಶ್ಚಯಿಸಬೇಕಾದ ಆ ಹೆಸರನ್ನು ಹೆಣ್ಣೊಬ್ಬಳು ಯಾರನ್ನೂ ಕೇಳದೆ ಕೂಗಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

"ಅಕ್ಕಾ, ಏನೆಂದೆ?" ಎಂದನು ಯಾಕ್ವಾನ್. "ಅವನು ನಿನ್ನ ಮಗನನ್ನು ಕೊಂದವನು!"

"ನನ್ನ ಮಗನ ಮುಖ ಇನ್ನು ಇವನ ಮುಖದಲ್ಲಿ ಮಾತ್ರ ಉಳಿದಿದೆ," ಎಂದಳು ಅವಳು. "ಅದನ್ನೂ ನನ್ನಿಂದ ಕಿತ್ತುಕೊಳ್ಳುತ್ತೀಯಾ?"

ಯಾಕ್ವಾನನು ಅಲ್ಲೇ ಕುಸಿದು ಅತ್ತನು. ಏಳು ವರ್ಷ ಆ ಮುಖವನ್ನು ದಿನವೂ ಕಂಡವನು ಅವನು. ಬಳಿಕ ಎದ್ದು ತನ್ನವರನ್ನು ಕರೆದನು. ಜಿಂಕೆಯಾದವನ ಕಾಲು ನೆಲಕ್ಕೆ ತಾಗಬಾರದು. ನಾಲ್ವರು ಅವನನ್ನು ಎತ್ತಿಕೊಂಡರು. "ನನ್ನನ್ನು ಬದುಕಿಸಬೇಡಿ, ಕೊಂದುಬಿಡಿ," ಎಂದು ಅವನು ಕಿರುಚುತ್ತಿದ್ದ ದನಿ ಕೊಲ್ಲಿಯ ಆಚೆ ದಡದವರೆಗೂ ಕೇಳಿತೆನ್ನುತ್ತಾರೆ. ಹದ್ದಿನ ಮನೆಯಲ್ಲಿ ಅವನನ್ನು ಎಳೆಗೂಸಿನಂತೆ ನೋಡಿಕೊಂಡು, ಬಾಯಿಗೆ ತುತ್ತಿಟ್ಟು ಸಾಕಿದರು. ಅವನು ಮತ್ತೆಂದೂ ಈಟಿ ಮುಟ್ಟಲಿಲ್ಲ. ಗಂಡಹೆಂಡಿರು ಮತ್ತೆ ಒಂದೇ ಸೂರಿನಡಿ ಬಾಳಿದರೇ ಎಂದು ಕೇಳಿದೆ. "ಕೆಲವರು ಹೌದು ಎನ್ನುತ್ತಾರೆ, ಕೆಲವರು ಇಲ್ಲ ಎನ್ನುತ್ತಾರೆ," ಎಂದರು ವರ್ನಾ ಅಜ್ಜಿ. "ನಮ್ಮಜ್ಜಿ ಹೇಳಿದ್ದು ಇಷ್ಟೇ: ಅವರು ಬದುಕಿದರು."

ಆ ವರ್ಷವೇ ಎರಡು ಮನೆಗಳೂ ಕೂಡಿ, ಮಂಜಿನಲ್ಲಿ ಕಡಲ ಮೇಲಿರುವವರಿಗಾಗಿ ಒಂದು ಮಾತು ಮಾಡಿಕೊಂಡವು. ಆ ಮಾತು ಇಂದಿಗೂ ನಡೆಯುತ್ತಿರುವುದನ್ನು ಅಲ್ಲಿಗೆ ಹೋದವರು ನೋಡಬಹುದು. ನಾನು ನೋಡಿದ್ದು ಹೊರಡುವ ಮುನ್ನಾದಿನ. ವರ್ನಾ ಅಜ್ಜಿ ತಮ್ಮ ಅಲ್ಯೂಮಿನಿಯಂ ದೋಣಿಯಲ್ಲಿ ನನ್ನನ್ನು ಗುವಕಾನ್ ದಂಡೆಯ ಸುತ್ತ ಕರೆದೊಯ್ಯುತ್ತಿದ್ದಾಗ ಮಂಜು ಮುಸುಕಿತು. ಅವರು ಎಂಜಿನ್ ನಿಲ್ಲಿಸಿ, ಎದ್ದು ನಿಂತು, ತಮ್ಮ ಹೆಸರನ್ನು ಗಟ್ಟಿಯಾಗಿ ಕೂಗಿ ಕಾದರು. ಹತ್ತೇ ಮಾರು ದೂರದ ಮಂಜಿನೊಳಗಿಂದ ಗಂಡಸೊಬ್ಬನ ದನಿ ತನ್ನ ಹೆಸರು ಹೇಳಿತು. ಅಲ್ಲೊಂದು ದೋಣಿ ಇದೆಯೆಂದು ನನಗೆ ತಿಳಿದೇ ಇರಲಿಲ್ಲ.

"ನೀನೂ ಹೇಳು," ಎಂದರು ಅಜ್ಜಿ. "ಇಲ್ಲಿ ಯಾರು ಯಾರೆಂದು ಅವನಿಗೆ ತಿಳಿಯಬೇಕು."

ನಾನು ಎದ್ದು ನಿಂತೆ. ನನ್ನ ಹೆಸರನ್ನು ಕೂಗಿದೆ: "ವಾಮನ ತಿಂಗಳಾಯ!"